ಬಿಲ್ಲು ಬಂದ ದಿನವೇ ಕಟ್ಟಬೇಡಿ: ಅಮೆರಿಕಕ್ಕೆ ಹೊರಟ ನಮ್ಮ ಜಿಲ್ಲೆಯವರಿಗೆ

ಅಮೆರಿಕದಲ್ಲಿ ಓದುತ್ತಿರುವ ಚಿಂತಾಮಣಿಯ ನಮ್ಮ ಅಕ್ಕನ ಮಗ ಕಳೆದ ತಿಂಗಳು ಫೋನು ಮಾಡಿ, “ಮಾವ, ಆಸ್ಪತ್ರೆ ಬಿಲ್ಲು ಕಟ್ಟಿಬಿಟ್ಟೆ, ತಲೆನೋವು ಕಳೆಯಿತು” ಎಂದಾಗ ನನ್ನದೇ ಹಳೆಯ ದಡ್ಡತನ ಕಣ್ಣೆದುರು ಬಂತು. ವಿಮೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿಸಲು ಕಾಸಿಲ್ಲದವನ ಗತಿಯೇನು ಎಂಬುದನ್ನು ಹೇಳುವವರು ಕಡಿಮೆ.

ನಾನೂ ಅಲ್ಲಿ ವಿದ್ಯಾರ್ಥಿಯಾಗಿದ್ದೆ. ವಿಶ್ವವಿದ್ಯಾಲಯದ ವಿಮೆ ನನಗಿತ್ತು, ಮಗಳಿಗಿರಲಿಲ್ಲ. ಒಂದು ನಡುರಾತ್ರಿ ಅವಳ ಜ್ವರ ಏರಿದಾಗ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದೆವು. ಅಲ್ಲಿ ಯಾರೂ ಹಣದ ಮಾತೆತ್ತಲಿಲ್ಲ. ತುರ್ತಾಗಿ ಬಂದವರನ್ನು ಹಣವಿರಲಿ ಇಲ್ಲದಿರಲಿ ಪರೀಕ್ಷಿಸಿ, ಅಪಾಯದಿಂದ ಪಾರುಮಾಡಬೇಕೆಂಬ ಕಾನೂನು 1986ರಿಂದಲೂ ಇದೆ. ಅದನ್ನೇ ನಾನು ಉಚಿತವೆಂದು ತಿಳಿದೆ. ಮೂರು ವಾರದ ನಂತರ 2,840 ಡಾಲರಿನ ಬಿಲ್ಲು ಮನೆಗೆ ಬಂತು. ಬಾಕಿ ತೀರಿಸದೆ ಹಾಸಿಗೆ ಬಿಟ್ಟು ಕಳಿಸದ ನರ್ಸಿಂಗ್ ಹೋಮುಗಳ ಊರಿನಿಂದ ಹೋದವನು ನಾನು. ಮರ್ಯಾದೆಗೆ ಅಂಜಿ ಅಂದೇ ಸಂಜೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಎರಡು ವರ್ಷ ಬಡ್ಡಿ ತೆತ್ತೆ. ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಎರಡು ಸಾಲು ಮುದ್ರಿಸಿದ್ದರು. ನಾನು ಮಗುಚಿ ನೋಡಿರಲಿಲ್ಲ.

ಆ ಎರಡು ಸಾಲಿನ ಅರ್ಥವಿಷ್ಟು. ಲಾಭದ ಉದ್ದೇಶವಿಲ್ಲವೆಂದು ತೆರಿಗೆ ವಿನಾಯಿತಿ ಪಡೆಯುವ ಆಸ್ಪತ್ರೆಗಳು, ಅಂದರೆ ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಬಹುಪಾಲು, ಕಡಿಮೆ ಆದಾಯದವರಿಗೆ ನೆರವು ನೀಡುವ ಲಿಖಿತ ನಿಯಮವನ್ನು ಇಟ್ಟುಕೊಂಡಿರಲೇಬೇಕೆಂದು 2010ರ ಆರೋಗ್ಯ ಕಾಯ್ದೆ ವಿಧಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಕಳಿಸುವ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಮೊದಲ 120 ದಿನ ಅವರು ಕೋರ್ಟಿಗೆ ಎಳೆಯುವಂತಹ ಬಿಗಿ ವಸೂಲಿಗೆ ಇಳಿಯುವಂತಿಲ್ಲ. ಅರ್ಹರೆಂದು ತೀರ್ಮಾನವಾದರೆ, ಹೆಚ್ಚಾಗಿ ಕಟ್ಟಿದ ಹಣವನ್ನೂ ಹಿಂದಿರುಗಿಸಬೇಕು. ನನಗೆ ಇದು ತಿಳಿದದ್ದು ಹದಿನಾಲ್ಕು ತಿಂಗಳಾದ ಮೇಲೆ. ಜೇಬಿನಲ್ಲಿ ಬಿಪಿಎಲ್ ಕಾರ್ಡು ಇಟ್ಟುಕೊಂಡೇ ಪೂರ್ತಿ ದುಡ್ಡು ಎಣಿಸಿಕೊಟ್ಟವನ ಕಥೆ ನನ್ನದು.

ಇನ್ನೂ ಒಂದು ತೊಡಕಿದೆ. ಆಸ್ಪತ್ರೆಯದೊಂದು ಬಿಲ್ಲು, ವೈದ್ಯರದೊಂದು, ಎಕ್ಸ್‌ರೇ ಓದಿದವರದೊಂದು ಎಂದು ಬೇರೆ ಬೇರೆ ಲಕೋಟೆಗಳು ಬರಬಹುದು, ಮತ್ತು ಆಸ್ಪತ್ರೆಯ ನೆರವು ಅವೆಲ್ಲಕ್ಕೂ ಅನ್ವಯಿಸಲೇಬೇಕೆಂದಿಲ್ಲ. ಯಾವ ವೈದ್ಯರು ಅದರ ವ್ಯಾಪ್ತಿಗೆ ಬರುತ್ತಾರೆಂಬ ಪಟ್ಟಿಯನ್ನು ಆಸ್ಪತ್ರೆ ಇಟ್ಟಿರಬೇಕು. ಅದನ್ನು ಕೇಳಿ ಪಡೆಯಿರಿ, ಬಾಬತ್ತುವಾರು ವಿವರವಿರುವ ಬಿಲ್ಲನ್ನೂ ಕೇಳಿ. ಅರ್ಹತೆಯ ಮಿತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಪ್ರವಾಸಿಗಳಾಗಿ ಬಂದ ತಂದೆತಾಯಿಯರಿಗೂ ಸಿಕ್ಕೀತೆಂದು ನಂಬಿ ಕೂರಬೇಡಿ.

ತುರ್ತಲ್ಲದ ಕಾಯಿಲೆಗೆ ಸಮುದಾಯ ಆರೋಗ್ಯ ಕೇಂದ್ರವನ್ನು ಹುಡುಕಿಕೊಳ್ಳಿ. ಫೆಡರಲ್ ಸರ್ಕಾರದ ಅನುದಾನದಿಂದ ನಡೆಯುವ ಇಂತಹ ಸುಮಾರು 1,400 ಸಂಸ್ಥೆಗಳಿದ್ದು, ಹಣವಿಲ್ಲವೆಂದು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಅಲ್ಲಿನ ಬಡತನ ರೇಖೆಯ ಎರಡರಷ್ಟು ಆದಾಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ. 1965ರಲ್ಲಿ ಬಾಸ್ಟನ್ನಿನಲ್ಲಿ ಈ ಬಗೆಯ ಕೇಂದ್ರವನ್ನು ಆರಂಭಿಸಿದವರಲ್ಲಿ ಒಬ್ಬರಾದ ಜ್ಯಾಕ್ ಗೈಗರ್, ಮುಂದೆ ಮಿಸಿಸಿಪಿಯ ಹಳ್ಳಿಗಾಡಿನಲ್ಲಿ ಹಸಿದ ಮಕ್ಕಳಿಗೆ ಔಷಧ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಡುವ ಪದ್ಧತಿ ತಂದರು. ಅವರ ತಂಡ ಬಾವಿಗಳನ್ನೂ ತೋಡಿಸಿತು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ, ಮೂಳೆ ಬಾಗಿದ ಜನರನ್ನು ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಕಂಡವರಿಗೆ ವೈದ್ಯರು ಬಾವಿ ತೋಡಿಸಿದ್ದೇಕೆಂದು ಬಿಡಿಸಿ ಹೇಳಬೇಕಿಲ್ಲ. ಈ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಶೇ. 51ರಷ್ಟಾದರೂ ಅಲ್ಲಿಯೇ ಚಿಕಿತ್ಸೆ ಪಡೆಯುವವರು ಇರಬೇಕೆಂಬ ನಿಯಮ ನಮ್ಮ ಆರೋಗ್ಯ ರಕ್ಷಾ ಸಮಿತಿಗಳಿಗೂ ಬಂದರೆ ಎಷ್ಟು ಚೆನ್ನ. ಆದರೆ ಬಾಣಂತಿಯ ಮನೆ ಬಾಗಿಲಿಗೆ ತಾನಾಗಿ ಬಂದು, ಅತ್ತೆಯನ್ನೂ ಗದರಿಸಿ ಹೋಗುವ ನಮ್ಮ ಆಶಾ ಕಾರ್ಯಕರ್ತೆಗೆ ಸರಿಸಾಟಿಯಾದವರನ್ನು ನಾನು ಅಲ್ಲಿ ಕಾಣಲಿಲ್ಲ.

ಅಲ್ಲಿ ಮಕ್ಕಳನ್ನು ದುಭಾಷಿಗಳಾಗಿ ಕೂರಿಸಬೇಡಿ. ನಮ್ಮ ಅತ್ತೆಯವರು “ಎದೆ ಉರಿ” ಎಂದದ್ದನ್ನು ಮೊಮ್ಮಗ “ಎದೆ ನೋವು” ಎಂದು ಅನುವಾದಿಸಿದ್ದರಿಂದ, ಬರೀ ಹುಳಿತೇಗಿಗೆ ಒಂದು ರಾತ್ರಿಯಿಡೀ ಹೃದಯದ ಪರೀಕ್ಷೆಗಳು ನಡೆದವು. ಫೆಡರಲ್ ಹಣ ಪಡೆಯುವ ಆಸ್ಪತ್ರೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಫೋನಿನಲ್ಲಿ ಕನ್ನಡದವರೂ ಸಿಗುತ್ತಾರೆ. “ಇಂಡಿಯನ್” ಎನ್ನದೆ “ಕನ್ನಡ” ಎಂದೇ ಹೇಳಿ, ಇಲ್ಲವಾದರೆ ಹಿಂದಿಯವರಿಗೆ ಕರೆ ಹೋಗುತ್ತದೆ.

ಅಕ್ಕನ ಮಗನ ಲೆಕ್ಕ ಹಾಕಿದೆವು: ಬಿಲ್ಲು ಬಂದು 61 ದಿನವಾಗಿತ್ತು. ಅವತ್ತೇ ಸಂಬಳದ ಚೀಟಿ, ತೆರಿಗೆ ಪತ್ರಗಳ ನಕಲು ಲಗತ್ತಿಸಿ ಅರ್ಜಿ ಕಳಿಸಿದ. ಉತ್ತರ ಇನ್ನೂ ಬಂದಿಲ್ಲ. ಎಕ್ಸ್‌ರೇಯವರ ಲಕೋಟೆ ಮಾತ್ರ ಮೊನ್ನೆ ಬಂತಂತೆ.