ಗೋವಾದಲ್ಲಿ ಜರ್ಮನ್ ನೌಕಾ ಬ್ಯಾಡ್ಜ್: ಕೊಳ್ಳುವ ಮುನ್ನ ನೀರಿನಲ್ಲಿ ತೂಗಿ

ಅಂಜುನಾದ ಬುಧವಾರದ ಸಂತೆಯಲ್ಲೋ ವಾಸ್ಕೋದ ಹಳೇ ಸಾಮಾನಿನ ಅಂಗಡಿಯಲ್ಲೋ ಯಾರಾದರೂ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆಯವರಿಗೆ ಕೊಟ್ಟ ಯುದ್ಧ ಬ್ಯಾಡ್ಜ್ ತೋರಿಸಿ, "ಮರ್ಮಗೋವಾದಲ್ಲಿ ಮುಳುಗಿದ ಎರೆನ್‌ಫೆಲ್ಸ್ ಹಡಗಿನದು ಇದು" ಎಂದರೆ ಮೊದಲು ಇಸವಿಗಳನ್ನು ಜೋಡಿಸಿ ನೋಡಿ. ಎರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಮೂರೂ ಸರಕು ಹಡಗುಗಳು. 1939ರಲ್ಲಿ ಯುದ್ಧ ಶುರುವಾದಾಗ ತಟಸ್ಥ ಪೋರ್ಚುಗೀಸರ ಈ ಬಂದರಿಗೆ ಬಂದು ನಿಂತವು, 1943ರ ಮಾರ್ಚ್ 9ರ ರಾತ್ರಿ ಬ್ರಿಟಿಷರು ದಾಳಿ ಮಾಡಿದಾಗ ಇಲ್ಲೇ ಮುಳುಗಿದವು. ನೌಕಾ ಬ್ಯಾಡ್ಜ್‌ಗಳಲ್ಲಿ ಮೊದಲನೆಯದಾದ ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) ಬ್ಯಾಡ್ಜ್ ಜಾರಿಗೆ ಬಂದದ್ದು 1939ರ ಅಕ್ಟೋಬರ್ 13ಕ್ಕೆ. ಡಿಸ್ಟ್ರಾಯರ್ ಬ್ಯಾಡ್ಜ್ 1940ರ ಜೂನ್ 4ಕ್ಕೆ, ಮೈನ್ (ಸಮುದ್ರದಲ್ಲಿ ಇಡುವ ಸ್ಫೋಟಕ) ತೆಗೆಯುವ ಹಡಗುಗಳದ್ದು ಅದೇ ವರ್ಷ ಆಗಸ್ಟ್ 31ಕ್ಕೆ, ದೊಡ್ಡ ಯುದ್ಧನೌಕೆಗಳದ್ದು 1941ರ ಏಪ್ರಿಲ್ 30ಕ್ಕೆ ಬಂದವು. ಬಂದರಿನಲ್ಲಿ ಸಿಕ್ಕಿಬಿದ್ದ ಸರಕು ಹಡಗಿಗೆ ಇವು ಬಂದು ಸೇರುವ ದಾರಿಯೇ ಇರಲಿಲ್ಲ. ಮುಳುಗುಗಾರರು ನೀರಿನಿಂದ ಎತ್ತಿದ್ದು ಎಂದರೂ ನಂಬಬೇಡಿ. ಅಷ್ಟು ವರ್ಷ ಉಪ್ಪುನೀರಿನಲ್ಲಿ ಬಿದ್ದ ಸತುವಿನ ಮೇಲೆ ಗಿಲೀಟು ಹೊಳೆಯುವುದಿಲ್ಲ.

ಮುಂದಿನ ಪ್ರಶ್ನೆ ಲೋಹದ್ದು. ಯುದ್ಧದ ಆರಂಭದ ಬ್ಯಾಡ್ಜ್‌ಗಳು ಹೆಚ್ಚಾಗಿ ಟೊಂಬಾಕ್‌ನವು, ಅಂದರೆ ತಾಮ್ರದ ಪಾಲು ಜಾಸ್ತಿ ಇರುವ ಹಿತ್ತಾಳೆ. ಆಮೇಲೆ ತಾಮ್ರದ ಅಭಾವ ಹೆಚ್ಚಿ ಸತು ಬಳಕೆಗೆ ಬಂತು. ಟೊಂಬಾಕ್ ಮೇಲೆ ಗಿಲೀಟು ದಶಕಗಟ್ಟಲೆ ನಿಲ್ಲುತ್ತದೆ. ಸತುವಿನ ಮೇಲೆ ಕೂತ ತೆಳು ಲೇಪ ಕಾಲಕ್ರಮೇಣ ಸತುವಿನೊಳಕ್ಕೇ ಇಳಿದು ಮೇಲ್ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬೂದು ಬಣ್ಣದ ಸತುವಿನ ಬ್ಯಾಡ್ಜ್ ಕಂಡು ಹಿಂಜರಿಯಬೇಕಿಲ್ಲ. ಹಿಂಜರಿಯಬೇಕಾದದ್ದು ಕನ್ನಡಿಯಂತೆ ಹೊಳೆಯುವ ಸತುವನ್ನು ಕಂಡಾಗ.

ಲೋಹ ಯಾವುದೆಂದು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ, ತೂಗಿ ನೋಡಿ. 0.01 ಗ್ರಾಂವರೆಗೆ ತೋರಿಸುವ ಜೇಬಿನ ಡಿಜಿಟಲ್ ತಕ್ಕಡಿ, ಸಣ್ಣ ಗಾಜಿನ ಲೋಟ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಒಂದು ಎಳೆ ಹೊಲಿಗೆ ದಾರ ಇದ್ದರೆ ಸಾಕು. ಮೊದಲು ಬ್ಯಾಡ್ಜನ್ನು ಒಣದಾಗಿಯೇ ತೂಗಿ ಬರೆದಿಟ್ಟುಕೊಳ್ಳಿ. ಮುಕ್ಕಾಲು ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬ್ಯಾಡ್ಜನ್ನು ದಾರಕ್ಕೆ ಕಟ್ಟಿ, ದಾರದ ತುದಿ ಕೈಯಲ್ಲಿ ಹಿಡಿದು, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಕೂಡದು. ಈಗ ತಕ್ಕಡಿ ತೋರಿಸುವುದು ಬ್ಯಾಡ್ಜ್ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. ಒಣ ತೂಕ 31.50 ಬಂದು ನೀರಿನಲ್ಲಿ 3.60 ತೋರಿಸಿದರೆ 8.75, ಅದು ಟೊಂಬಾಕ್. 26.40ಕ್ಕೆ 3.70 ಬಂದರೆ 7.14, ಅದು ಶುದ್ಧ ಸತು. 6.6ರ ಆಸುಪಾಸು ಬಂದರೆ ಅಲ್ಯುಮಿನಿಯಂ ಬೆರೆತ ಇಂದಿನ ಎರಕದ ಸತು ಇರಬಹುದೆಂದು ಅನುಮಾನಿಸಿ, ಉಳಿದ ಗುರುತುಗಳನ್ನು ಇನ್ನಷ್ಟು ಬಿಗಿಯಾಗಿ ನೋಡಿ. ತವರದ ಸಾಂದ್ರತೆ 7.3, ಸತುವಿಗೆ ತೀರಾ ಹತ್ತಿರ. ಆದ್ದರಿಂದ ಈ ಸಂಖ್ಯೆಯೊಂದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ.

ಈ ಲೆಕ್ಕ ತಪ್ಪುವುದು ಹೆಚ್ಚಾಗಿ ಗಾಳಿಗುಳ್ಳೆಯಿಂದ. ಬೆನ್ನಿನ ಗುಳಿಯಲ್ಲಿ, ಪಿನ್ನಿನ ಕೀಲಿನಲ್ಲಿ ಗುಳ್ಳೆ ಕೂತರೆ ಟೊಂಬಾಕ್ ಕೂಡ 8ಕ್ಕಿಂತ ಕೆಳಗೆ ಬರುತ್ತದೆ. ನೀರಿನಲ್ಲೇ ಎರಡು ಸಲ ಮೆಲ್ಲಗೆ ಅಲ್ಲಾಡಿಸಿ, ಮೂರು ಸಲ ತೂಗಿ. ಕೆಲಸ ಒಂದು ನಿಮಿಷದಲ್ಲಿ ಮುಗಿಯಲಿ. ಹತ್ತಿ ಬಟ್ಟೆಯಿಂದ ಒತ್ತಿ ನೀರು ಹೀರಿಸಿ ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಆಗಲೇ ಬಿಳಿ ಪುಡಿ ಎದ್ದಿರುವ ಸತುವನ್ನು ನೀರಿಗೆ ಇಳಿಸಲೇಬೇಡಿ.

ಆಮೇಲೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ. ಮೈನ್ ಹಡಗಿನ ಬ್ಯಾಡ್ಜನ್ನೇ ತೆಗೆದುಕೊಳ್ಳಿ: ಸುತ್ತ ಓಕ್ ಎಲೆಗಳ ಚಿನ್ನದ ಬಣ್ಣದ ಹಾರ, ನಡುವೆ ಸ್ಫೋಟಕ್ಕೆ ಚಿಮ್ಮಿದ ಬೆಳ್ಳಿ ಬಣ್ಣದ ನೀರಿನ ಕಂಬ. ಅಚ್ಚಿನಲ್ಲಿ ಒತ್ತಿದ್ದಾದರೆ ನೀರಿನ ಎಳೆಗಳು, ಎಲೆಯ ನರಗಳು ಚೂಪಾಗಿರುತ್ತವೆ, ಕತ್ತರಿಸಿದ ಅಂಚಿನಲ್ಲಿ ಉದ್ದುದ್ದ ಗೀರು ಕಾಣುತ್ತವೆ. ಎರಕದ ನಕಲಿನಲ್ಲಿ ಎಳೆಗಳು ಸಾಬೂನು ಸವೆದಂತೆ ಮೊಂಡಾಗಿ, ತಗ್ಗುಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗಿ ನೂರಕ್ಕೆ ಅರ್ಧದಿಂದ ಒಂದು ಪಾಲು ಕಿರಿದಾಗುತ್ತದೆ. ಸುಮಾರು 48 ಮಿ.ಮೀ. ಅಗಲದ ಯು-ಬೋಟ್ ಬ್ಯಾಡ್ಜ್‌ನಲ್ಲಿ ಇದು ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ. ಡಿಜಿಟಲ್ ವರ್ನಿಯರ್‌ಗೆ ಸುಲಭವಾಗಿ ಸಿಗುತ್ತದೆ. ಆದರೆ ಅದೇ ತಯಾರಕರ ಅದೇ ಅಚ್ಚಿನ ಅಸಲಿಯ ಅಳತೆ ಕೈಯಲ್ಲಿರಬೇಕು, ಒಬ್ಬೊಬ್ಬರ ಅಚ್ಚೂ ಬೇರೆ. ಯುದ್ಧಕಾಲದ ಸತುವಿನ ಬ್ಯಾಡ್ಜ್‌ಗಳಲ್ಲೂ ಎರಕದವು ಉಂಟೆಂಬುದು ನೆನಪಿರಲಿ.

ಬೆನ್ನಿನ ಮೇಲಿನ ತಯಾರಕರ ಹೆಸರು ಸಹಾಯಕ್ಕೆ ಬರುತ್ತದೆ, ಆದರೆ ಹೆಸರಿಗೇ ಬೆಲೆ ಕಟ್ಟಬೇಡಿ. ಬರ್ಲಿನ್ನಿನ ಶ್ವೆರಿನ್ ಕಂಪನಿ ಮಾಡಿದವುಗಳಲ್ಲಿ ಹಲವುದರ ಮೇಲೆ ವಿನ್ಯಾಸಕಾರನ ಹೆಸರೂ ಇರುತ್ತದೆ. ಮೈನ್ ಬ್ಯಾಡ್ಜಿಗೆ ಓಟ್ಟೊ ಪ್ಲಾಚೆಕ್, ದೊಡ್ಡ ಯುದ್ಧನೌಕೆಗಳದ್ದಕ್ಕೆ ಅಡಾಲ್ಫ್ ಬಾಕ್. ವಿಯೆನ್ನಾದ ರುಡಾಲ್ಫ್ ಸೌವಾಲ್ ಗುರುತು ಕಂಡರೆ ಎರಡು ಪಟ್ಟು ಎಚ್ಚರ ವಹಿಸಿ. ಆ ಕಾರ್ಖಾನೆ ಯುದ್ಧ ಮುಗಿದ ಮೇಲೂ ಬ್ಯಾಡ್ಜ್ ಮಾಡುತ್ತಲೇ ಇತ್ತು, ಗುರುತು ನಿಜವಿದ್ದೂ ಬ್ಯಾಡ್ಜ್ ಯುದ್ಧಕಾಲದ್ದಲ್ಲದಿರಬಹುದು. ಯುದ್ಧಕಾಲದ ಬ್ಯಾಡ್ಜ್‌ಗಳಲ್ಲಿರುವ ನಾತ್ಸಿ ಸ್ವಸ್ತಿಕವೇ ಇಲ್ಲದ ಬ್ಯಾಡ್ಜ್‌ಗಳು ಬೇರೆಯೇ ಬಗೆ: 1957ರ ಪಶ್ಚಿಮ ಜರ್ಮನಿಯ ಕಾನೂನಿನಂತೆ ಹಳೆಯ ಸೈನಿಕರು ಧರಿಸಲೆಂದು ಹೊಸದಾಗಿ ಮಾಡಿದಂಥವು. ಸಂಗ್ರಹಕ್ಕೆ ಯೋಗ್ಯವೇ, ಆದರೆ ಯುದ್ಧಕಾಲದ ಬೆಲೆ ಕೊಡಬಾರದು.

ಜೊತೆಗೆ ಪ್ರದಾನ ಪತ್ರ (ಬ್ಯಾಡ್ಜ್ ಕೊಟ್ಟಾಗಿನ ಪ್ರಮಾಣಪತ್ರ) ಬಂದರೆ ಕತ್ತಲಲ್ಲಿ 365 ನ್ಯಾನೋಮೀಟರ್ ಯುವಿ ಟಾರ್ಚ್ ಹಿಡಿಯಿರಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು ಯುದ್ಧಾನಂತರದ್ದು. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ವಸ್ತುಗಳಿಗೆ 100 ವರ್ಷದ ಮಿತಿ, ಆದ್ದರಿಂದ ಬ್ಯಾಡ್ಜ್‌ಗಳು ಇನ್ನೂ ಅದರೊಳಗೆ ಬರುವುದಿಲ್ಲ. ಐತಿಹಾಸಿಕ ಮೌಲ್ಯದ ದಾಖಲೆಗಳಿಗೆ ಮಾತ್ರ ಮಿತಿ 75 ವರ್ಷ, ಹಾಗಾಗಿ ಕಾಗದವನ್ನು ದೇಶದಾಚೆ ಕಳಿಸುವ ಮುನ್ನ ವಿಚಾರಿಸಿ.

ಮನೆಯಲ್ಲಿ ಇಡುವಾಗ ಪಕ್ಕದಲ್ಲಿ ಒಂದು ಚೀಟಿ ಬರೆದಿಡಿ. ನಮ್ಮ ಹೊಸ್ತಿಲ ರಂಗೋಲಿಯ ಸ್ವಸ್ತಿಕ ಬೇರೆ, ಲಕ್ಷಾಂತರ ಜನರನ್ನು ಕೊಂದ ನಾತ್ಸಿ ಆಡಳಿತದ ಈ ಗುರುತು ಬೇರೆ. ನೋಡುವ ಮಕ್ಕಳಿಗೆ ಅದು ಸ್ಪಷ್ಟವಾಗಿ ತಿಳಿಯಬೇಕು.

ಹುಣಸೆಹಣ್ಣು, ಪೀತಾಂಬರಿ ಪುಡಿ ಹತ್ತಿರ ಸುಳಿಯಬಾರದು. ಹುಳಿ ಸತುವನ್ನು ತಿನ್ನುತ್ತದೆ, ಪುಡಿ ಉಳಿದ ಗಿಲೀಟನ್ನು ಉಜ್ಜಿಹಾಕುತ್ತದೆ. ಪಿವಿಸಿ ಚೀಲ, ಪ್ಲೈವುಡ್ ಡ್ರಾಯರ್ ಎರಡೂ ಆಮ್ಲದ ಆವಿ ಬಿಡುತ್ತವೆ. ಪಾಲಿಪ್ರೊಪಿಲೀನ್‌ನ 5 ಲೀಟರಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್, ಒಂದು ತೇವಮಾಪಕ ಇಡಿ. ತೇವ ಶೇಕಡಾ 50 ದಾಟಿದರೆ ಜೆಲ್ಲನ್ನು 110–120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ತಣಿದ ಮೇಲೆ ಮತ್ತೆ ಹಾಕಿ. ಗೋವಾದ ಜೂನ್–ಸೆಪ್ಟೆಂಬರಿನಲ್ಲಿ ವಾರಕ್ಕೊಮ್ಮೆ ಮಾಪಕ ನೋಡಿ. ದಸರೆಯ ಹೊತ್ತಿಗೆ ಕೈಗವಸು ಹಾಕಿಕೊಂಡು ಪ್ರತಿಯೊಂದನ್ನೂ ಹೊರಳಿಸಿ ಪಿನ್ನಿನ ಬುಡ ಪರೀಕ್ಷಿಸಿ. ಉಕ್ಕು ಮತ್ತು ಸತು ತಾಗುವ ಆ ಜಾಗದಲ್ಲೇ ಬಿಳಿ ಪುಡಿ ಮೊದಲು ಏಳುತ್ತದೆ. ಕಂಡರೆ ಒಣ ಮೆದು ಬ್ರಷ್‌ನಿಂದ ತೆಗೆದು, ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೀರಾ ತೆಳುವಾಗಿ ಸವರಿ ಡಬ್ಬಿಗೆ ಸೇರಿಸಿ.