ಡ್ರಮ್ ಕೆಟ್ಟರೂ ಯಾರೂ ಹೇಳಲಿಲ್ಲ

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದೊಂದು ಸಣ್ಣ ಉಪ್ಪಿನಕಾಯಿ ಘಟಕ. ಅಪ್ಪೆಮಿಡಿಯೇ ಮುಖ್ಯ. ಕೆಲಸಕ್ಕೆ 7 ಹೆಂಗಸರು ಬರುತ್ತಾರೆ. ಶುರುವಿನಿಂದಲೂ "ನಾವೆಲ್ಲ ಒಂದೇ ಮನೆಯವರ ಥರ" ಅನ್ನುತ್ತಿದ್ದೆ. ಮನಸಾರೆ ಅನ್ನುತ್ತಿದ್ದೆ.

ಒಂದು ವರ್ಷ ಮಾರ್ಚ್‌ನಲ್ಲಿ ಉಪ್ಪಿಗೆ ಹಾಕಿದ್ದ ಡ್ರಮ್ ಪೂರ್ತಿ ಕೆಟ್ಟಿತು. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಸೇರಿದರೆ ಉಳಿದವೂ ಮೆತ್ತಗಾಗುತ್ತವೆ. ಬಿದ್ದ ಮಿಡಿ ಸೇರಿಹೋಗಿದೆ ಅಂತ ಹೊಸದಾಗಿ ಬಂದಿದ್ದ ಹುಡುಗಿಗೆ ಅವತ್ತೇ ಗೊತ್ತಾಗಿತ್ತಂತೆ. "ಯಾಕೆ ಹೇಳಲಿಲ್ಲ ಮಾರಾಯ್ತಿ?" ಅಂದೆ. ಸುಮ್ನೆ ನಿಂತಳು. ಸೊನೆ ತಾಗಿ ಬೆರಳೆಲ್ಲ ಕಪ್ಪಾಗಿತ್ತು. ಆಗ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ಅಮ್ಮಾ, ಹೋದ ವರ್ಷ ಬಾಟ್ಲಿ ಒಡೆದಾಗ ನನ್ನ ಕೂಲೀಲಿ ಮುರ್ಕೊಂಡಿದ್ರಲ್ಲ."

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳ ಕೈಯಿಂದ ಲೋಟ ಜಾರಿ ಬಿದ್ದರೆ ಯಾರಾದರೂ ದುಡ್ಡು ಕೇಳುತ್ತಾರಾ?

ಮರುದಿನ ಆ ದುಡ್ಡನ್ನು ಎಲ್ಲರ ಎದುರಿಗೇ ವಾಪಸ್ ಕೊಟ್ಟೆ, ತಪ್ಪಾಯ್ತು ಅಂದೆ. ಕೂಲಿ ಮುರಿಯುವುದು ಅವತ್ತಿಗೇ ನಿಂತಿತು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮಿಡಿ ಬರುವ ದಿನಗಳಲ್ಲಿ ಕೆಲಸ ಮುಗಿಯುವಾಗ ರಾತ್ರಿ ಎಂಟಾಗುತ್ತದೆ. ಮನೆಯವರೇ ಅಲ್ವಾ ಅಂದುಕೊಂಡು ಆ ಹೆಚ್ಚಿನ ಹೊತ್ತಿಗೆ ನಾನು ಕೂಲಿ ಕೊಡುತ್ತಿರಲಿಲ್ಲ. ಈಗ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದೆ. ಜಾಸ್ತಿ ಕೆಲಸ ಮಾಡಿದ ಹೊತ್ತನ್ನು ಅವರೇ ಬರೆಯುತ್ತಾರೆ, ಶನಿವಾರ ಲೆಕ್ಕ ಚುಕ್ತಾ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡುತ್ತಾರೆ, ನಾನಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಕಡ್ಡಾಯವಾಗುವುದು 10 ಜನ ಇದ್ದರೆ, ನಾವು ಅಷ್ಟಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆವು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಆ ಕಂತು ಘಟಕದ್ದೇ.

ಹೆಚ್ಚಿನವರಿಗೆ ತುಂಡು ಗದ್ದೆ ಇದೆ. ನಟ್ಟಿ ಸಮಯದಲ್ಲಿ ಯಾರು ಯಾವತ್ತು ಬರುವುದಿಲ್ಲ ಅನ್ನುವುದನ್ನು ಅವರವರೇ ಮಾತಾಡಿಕೊಳ್ಳುತ್ತಾರೆ. ಭೂಮಿ ಹುಣ್ಣಿಮೆಗೆ ಕೂಲಿ ಸಮೇತ ರಜೆ. ಮಧ್ಯಾಹ್ನದ ಊಟಕ್ಕೆ ನಾನೂ ಅವರ ಜೊತೆಗೇ ಕೂರುತ್ತೇನೆ. ಯಾರ ಮಗುವಿಗೆ ಜ್ವರ, ಯಾರ ಮನೆಗೆ ನೆಂಟರು ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಈ ಸಲ ಮಿಡಿ ಹಾಕಿದ ಮರುದಿನ ಬೆಳಿಗ್ಗೆ ಅದೇ ಹುಡುಗಿ ಓಡಿಬಂದಳು. "ಅಕ್ಕಾ, ಮೂಲೆ ಡ್ರಮ್ಮಿಗೆ ಉಪ್ಪು ಕಮ್ಮಿ ಹಾಕ್ಬಿಟ್ಟೆ ಅನ್ಸುತ್ತೆ." ಇಬ್ಬರೂ ಸೇರಿ ಮಿಡಿ ತೆಗೆದು, ಉಪ್ಪು ಬೆರೆಸಿ, ಮತ್ತೆ ತುಂಬಿಸಿದೆವು.