ವೈಫೈ ಡಬ್ಬಕ್ಕೆ ಮನೆಯಲ್ಲಿ ಜಾಗ ಎಲ್ಲಿ?

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಗೆ ಫೈಬರ್ ಬಂದ ದಿನ ನಾನು ಊರಲ್ಲಿರಲಿಲ್ಲ. ವೈರ್ ಎಳೆಯಲು ಬಂದ ಹುಡುಗ ಜಗಲಿಯ ಕಿಟಕಿಯಿಂದ ಅದನ್ನು ಒಳಗೆ ತಂದು, ಕಣ್ಣಿಗೆ ಬಿದ್ದ ಮೊದಲ ಪ್ಲಗ್ಗಿನ ಪಕ್ಕ, ಟಿವಿ ಹಿಂದೆ ಡಬ್ಬ ಕೂರಿಸಿ ಹೋಗಿದ್ದ. ಜಗಲಿಯಲ್ಲಿ ಕೂತ ಅಪ್ಪನಿಗೆ ಭರ್ಜರಿ ನೆಟ್. ನಡುಮನೆಯಲ್ಲಿ ಎರಡು ಕಡ್ಡಿ. ಅಡುಗೆಮನೆಯಲ್ಲಿ ಅಮ್ಮನ ಫೋನಿಗೆ ಏನೂ ಇಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳನ್ನು ದಾಟಿ ಬರಬೇಕಲ್ಲ, ಪಾಪ. ಕಂಪನಿಗೆ ಫೋನ್ ಮಾಡಿದರೆ ‘ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ ಸರ್’ ಎಂದರು.

ದೊಡ್ಡ ಪ್ಲಾನಿಗೂ ದಪ್ಪ ಗೋಡೆಗೂ ಸಂಬಂಧವಿಲ್ಲ. ಪ್ಲಾನ್ ಎಂದರೆ ಮನೆ ಬಾಗಿಲಿನವರೆಗೆ ಎಷ್ಟು ಬರುತ್ತದೆ ಎಂಬ ಲೆಕ್ಕ. ಅಲ್ಲಿಂದ ಅಡುಗೆಮನೆಗೆ ಹೋಗುವುದು ನಿಮ್ಮ ಡಬ್ಬದ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ನಡುಮನೆಗೆ, ಹನ್ನೆರಡು ಅಡಿ ಒಳಗೆ, ಸರಿಸಿದೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯಿತು. ಹಾಗಾಗಿ ವೈಫೈ ಹಾಕಿಸುವ ಕೆಲಸವನ್ನು ಡಬ್ಬ ಬರುವ ಮೊದಲೇ ಶುರು ಮಾಡಿ.

ವೈರ್ ಬರುವ ಮುಂಚೆ

ಮನೆಯಲ್ಲಿ ಎರಡು ಸ್ಮಾರ್ಟ್‌ಫೋನ್ ಇದ್ದರೆ ಸಾಕು. ರೌಟರ್, ಅಂದರೆ ಆ ವೈಫೈ ಡಬ್ಬ, ಇಡಬಹುದು ಅನಿಸುವ ಜಾಗದಲ್ಲಿ ಒಂದು ಫೋನ್ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿ. ಇನ್ನೊಂದು ಫೋನನ್ನು ಅದಕ್ಕೆ ಜೋಡಿಸಿ, ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿ. ಎಲ್ಲೆಲ್ಲಿ ಕಡ್ಡಿ ಇಳಿಯುತ್ತದೆ ನೋಡಿ. ಈಗ ಮೊದಲ ಫೋನಿನ ಜಾಗ ಬದಲಿಸಿ, ಮತ್ತೆ ಓಡಾಡಿ. ರೌಟರ್‌ಗೆ ಫೋನಿಗಿಂತ ಶಕ್ತಿ ಜಾಸ್ತಿ, ನಿಜ. ಆದರೆ ಈ ಜಾಗಕ್ಕಿಂತ ಆ ಜಾಗ ವಾಸಿ ಎನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ. ಕಾಲು ಗಂಟೆಯ ಕೆಲಸ.

ಸಾಮಾನ್ಯವಾಗಿ ಗೆಲ್ಲುವುದು ಮನೆಯ ನಡುಭಾಗ, ಐದಾರು ಅಡಿ ಎತ್ತರದ ತೆರೆದ ಶೆಲ್ಫ್. ಸೋಲುವ ಜಾಗಗಳೂ ಗೊತ್ತಿರುವವೇ. ಕಬ್ಬಿಣದ ಬೀರುವಿನ ಪಕ್ಕ ಬೇಡ, ಫ್ರಿಜ್ಜಿನ ಹಿಂದೆ ಬೇಡ, ದೊಡ್ಡ ಕನ್ನಡಿಯ ಎದುರು ಬೇಡ. ಲೋಹ ರೇಡಿಯೊ ಅಲೆಯನ್ನು ವಾಪಸ್ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಮೀನಿನ ತೊಟ್ಟಿಯೂ ಅಡ್ಡಿಯೇ. ಮೈಕ್ರೊವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ವೈಫೈ ಬಳಸುವ ಎರಡು ಅಲೆಪಟ್ಟಿಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) ಒಂದು ಅಲ್ಲೇ ಇದೆ. ಸಾರು ಬಿಸಿ ಮಾಡುವಾಗ ವಿಡಿಯೊ ತಡವರಿಸಿದರೆ ಕಾರಣ ಅದೇ ಇರಬಹುದು.

ಕೆಲವರು ಡಬ್ಬ ಚೆನ್ನಾಗಿ ಕಾಣುವುದಿಲ್ಲ ಎಂದು ಷೋಕೇಸಿನ ಒಳಗಿಟ್ಟು ಬಾಗಿಲು ಹಾಕುತ್ತಾರೆ. ಬಿಸಿಯೂ ಆಗುತ್ತದೆ, ಸಿಗ್ನಲ್ಲೂ ಕುಗ್ಗುತ್ತದೆ.

ಆಂಟೆನಾ ಹೊರಗೆ ಕಾಣುವ ರೌಟರ್ ಆದರೆ ಇನ್ನೊಂದು ವಿಷಯ. ಅಲೆಗಳು ಆಂಟೆನಾದ ತುದಿಯಿಂದ ಬಾಣದ ಹಾಗೆ ಹೊರಡುವುದಿಲ್ಲ. ಕಡ್ಡಿಗೆ ಪೋಣಿಸಿದ ಉದ್ದಿನ ವಡೆಯಂತೆ ಸುತ್ತಲೂ ಹರಡುತ್ತವೆ. ಒಂದೇ ಅಂತಸ್ತಿನ ಮನೆಗೆ ಆಂಟೆನಾಗಳು ನೆಟ್ಟಗೆ ನಿಂತಿರಲಿ. ಮೆತ್ತಿನ ಮೇಲೂ ನೆಟ್ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ.

ಹುಡುಗ ವೈರ್ ಎಳೆಯುವ ದಿನ

ಆ ದಿನ ನೀವು ಮನೆಯಲ್ಲಿರಿ. ‘ಇಲ್ಲೇ ಕಿಟಕಿ ಹತ್ರ ಇಡ್ಲಾ?’ ಎಂದು ಕೇಳಿದರೆ, ನೀವು ಗುರುತಿಸಿದ ಜಾಗ ತೋರಿಸಿ. ಒಳಗೆ ಇನ್ನು ಹತ್ತು ಮೀಟರ್ ಫೈಬರ್ ಎಳೆಯುವುದು ಅವರಿಗೆ ದೊಡ್ಡ ವಿಷಯವಲ್ಲ. ಹೇಳದಿದ್ದರೆ ಮಾಡುವುದಿಲ್ಲ, ಅಷ್ಟೆ.

ಫೈಬರಿನ ಒಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಮೂಲೆಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಉಳಿದ ವೈರನ್ನು ಅಂಗೈಯಗಲದ ಸುರುಳಿ ಮಾಡಿ ಸಡಿಲವಾಗಿ ನೇತು ಹಾಕಲಿ. ಮುಂದೆ ಡಬ್ಬ ಸರಿಸಬೇಕಾದರೆ ಆ ಸುರುಳಿಯೇ ಕೈಹಿಡಿಯುತ್ತದೆ.

ಅವರು ಹೊರಡುವ ಮೊದಲು ಒಂದೆರಡು ವಿಷಯ ಕೇಳಿ ಬರೆದಿಟ್ಟುಕೊಳ್ಳಿ. ಕನೆಕ್ಷನ್ನಿನ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಇದ್ದರೆ ಅದು. ಡಬ್ಬ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಕೊಡುತ್ತದೆಯೇ ಎನ್ನುವುದು. ಲ್ಯಾನ್ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ತೂತು, ಗಿಗಾಬಿಟ್ (1000 ಎಂಬಿಪಿಎಸ್) ವೇಗದ್ದು ಹೌದೋ ಅಲ್ಲವೋ ಎನ್ನುವುದು. ಹಳೆಯ ಪೋರ್ಟಿನ ಮಿತಿ 100 ಎಂಬಿಪಿಎಸ್. ಅಂಥ ಡಬ್ಬದ ಮೇಲೆ 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಆ ತೂತಿನಿಂದ ಹೊರಬರುವುದು ಸುಮಾರು 95, ಅಷ್ಟೇ.

ಮೊದಲ ದಿನವೇ ಬದಲಿಸಬೇಕಾದ ಎರಡು ಪಾಸ್‌ವರ್ಡ್

ಡಬ್ಬದ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಮೊದಲು ಅದರ ಫೋಟೊ ತೆಗೆಯಿರಿ. ಅದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಮತ್ತು 192.168.1.1 ಥರದ ಒಂದು ವಿಳಾಸ ಇರುತ್ತದೆ. ಫೋನನ್ನು ಆ ವೈಫೈಗೆ ಜೋಡಿಸಿ, ಬ್ರೌಸರಿನ ವಿಳಾಸದ ಜಾಗದಲ್ಲಿ ಆ ಅಂಕಿಗಳನ್ನು ಹೊಡೆಯಿರಿ. ರೌಟರಿನ ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿಗೆ ಹೋಗಲು ಬೇರೆಯೇ ಯೂಸರ್ ನೇಮ್, ಪಾಸ್‌ವರ್ಡ್ ಬೇಕು. ಬಹಳ ಡಬ್ಬಗಳಲ್ಲಿ ಎರಡೂ ‘ಅಡ್ಮಿನ್’ ಎಂದೇ ಇರುತ್ತದೆ.

ಇಲ್ಲಿ ಜನ ಎಡವುತ್ತಾರೆ. ವೈಫೈ ಪಾಸ್‌ವರ್ಡ್ ಬದಲಿಸಿ, ಈ ಅಡ್ಮಿನ್ ಪಾಸ್‌ವರ್ಡನ್ನು ಹಾಗೇ ಬಿಡುತ್ತಾರೆ. ಒಂದು ಮನೆಯ ಬೀಗ, ಇನ್ನೊಂದು ತಿಜೋರಿಯ ಬೀಗ. ಮನೆಗೆ ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುತ್ತೀರಿ, ಅಲ್ವಾ? ಅವರಲ್ಲಿ ಯಾರು ಬೇಕಾದರೂ ಸೆಟ್ಟಿಂಗಿಗೆ ಕೈ ಹಾಕಬಹುದು. ಎರಡನ್ನೂ ಬದಲಿಸಿ.

ಪಾಸ್‌ವರ್ಡಿಗೆ ಮಗಳ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರ್ ಬೇಡ. ಕನಿಷ್ಠ ಎಂಟು ಅಕ್ಷರ ಎನ್ನುವುದು ನಿಯಮ. ನಾನು ಹೇಳುವುದು ಹದಿನೈದಕ್ಕಿಂತ ಜಾಸ್ತಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ‘ಹಲಸು ತಂಬೂರಿ ಬುಧವಾರ ಚಪ್ಪಲಿ’ ಥರ. ಮನೆಯವರಿಗೆ ನೆನಪಿರುತ್ತದೆ, ಊಹಿಸುವವರಿಗೆ ತಲೆ ಕೆಡುತ್ತದೆ. ಇದನ್ನೇ ಇಡಬೇಡಿ ಮತ್ತೆ, ಪೇಪರಿನಲ್ಲಿ ಬಂದುಬಿಟ್ಟಿದೆ. ವೈಫೈಯ ಹೆಸರಿನಲ್ಲಿ ಫ್ಲ್ಯಾಟ್ ನಂಬರ್, ಮನೆ ಯಜಮಾನರ ಹೆಸರು ಹಾಕುವ ಅಗತ್ಯವೂ ಇಲ್ಲ.

ಸೆಕ್ಯುರಿಟಿ ಎಂಬ ಜಾಗದಲ್ಲಿ ವೈಫೈಗೆ ಬೀಗ ಹಾಕುವ ವಿಧಾನದ ಹೆಸರಿರುತ್ತದೆ. ಅದು ಡಬ್ಲ್ಯುಪಿಎ3 ಇದ್ದರೆ ಒಳ್ಳೆಯದು. 2018ರಲ್ಲಿ ಬಂದದ್ದು. ಅದಕ್ಕಿಂತ ಹಳೆಯ ಫೋನುಗಳು ಅದಕ್ಕೆ ಜೋಡಿಯಾಗದಿರಬಹುದು. ಹಾಗಿದ್ದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಒತ್ತಿ. ಸುಲಭಕ್ಕೆ ಮುರಿಯುವ ಹಳೆಯ ವಿಧಾನವಾದ ಡಬ್ಲ್ಯುಇಪಿ ಮಾತ್ರ ಇದ್ದರೆ ಆ ಡಬ್ಬ ಗುಜರಿಗೆ. ಡಬ್ಲ್ಯುಪಿಎಸ್ ಎಂಬ ಇನ್ನೊಂದು ಇದೆ, ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಜೋಡಿಸುವ ವ್ಯವಸ್ಥೆ. ಆ ಪಿನ್ ಮುರಿಯುವುದು ಸುಲಭ. ಅದನ್ನು ಆಫ್ ಮಾಡಿ. ಫರ್ಮ್‌ವೇರ್ (ಡಬ್ಬದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಎಂದು ಕಂಡರೆ ಮಾಡಿಕೊಳ್ಳಿ, ಮಧ್ಯದಲ್ಲಿ ಕರೆಂಟ್ ಹೋಗದ ಹೊತ್ತು ನೋಡಿ.

ವ್ಯಾನ್, ಅಂದರೆ ಹೊರಗಿನ ನೆಟ್ ಒಳಬರುವ ದಾರಿ, ಎಂಬ ಪುಟಕ್ಕೆ ಮಾತ್ರ ಸುಮ್ನೆ ಕೈ ಹಾಕಬೇಡಿ. ಕಂಪನಿ ತುಂಬಿದ ವಿವರ ಅಲ್ಲಿರುತ್ತದೆ. ಅಳಿಸಿದರೆ ನೆಟ್ಟೇ ಹೋಯಿತು.

2.4 ಮತ್ತು 5

ಎರಡು ಹೆಸರಿನ ವೈಫೈ ಕಂಡು ಗಾಬರಿಯಾಗುವವರಿದ್ದಾರೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಕಂಡರೆ ಸುಸ್ತು. ಟಿವಿ, ಲ್ಯಾಪ್‌ಟಾಪ್ ರೌಟರ್ ಇರುವ ಕೋಣೆಯಲ್ಲೇ ಇದ್ದರೆ 5ಕ್ಕೆ ಹಾಕಿ. ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗುಗಳಲ್ಲಿ ಬಹುಪಾಲು 2.4ನ್ನು ಮಾತ್ರ ಅರ್ಥ ಮಾಡಿಕೊಳ್ಳುತ್ತವೆ.

ಎರಡಕ್ಕೂ ಒಂದೇ ಹೆಸರಿಟ್ಟರೆ ಫೋನ್ ತಾನೇ ಆರಿಸಿಕೊಳ್ಳುತ್ತದೆ. ಕೊನೆಗೆ ಹಾಗೇ ಇಡಿ. ಆದರೆ ಮೊದಲ ವಾರ ಬೇರೆ ಬೇರೆ ಹೆಸರಿರಲಿ. ಯಾವುದು ಎಲ್ಲಿಯವರೆಗೆ ತಲುಪುತ್ತದೆ ಎಂದು ತಿಳಿಯಲು ಅದೇ ದಾರಿ.

ಈ ಪಟ್ಟಿಗಳ ಒಳಗೆ ಚಾನೆಲ್ ಎಂಬ ಸಣ್ಣ ಸಣ್ಣ ಭಾಗಗಳಿವೆ. ಹಳ್ಳಿಮನೆಯಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ವೈಫೈ ಪಟ್ಟಿ ತೆರೆದರೆ ಮೂವತ್ತು ಹೆಸರು. ಎಲ್ಲವೂ 2.4ರ ಅದೇ ಸಣ್ಣ ಓಣಿಯಲ್ಲಿ ನುಗ್ಗುತ್ತಿರುತ್ತವೆ. ಅಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮಾತ್ರ. ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ, ಈ ಮೂರರಲ್ಲಿ ಜನ ಕಡಿಮೆ ಇರುವುದನ್ನು ಆರಿಸಿ. 3, 4, 8 ಥರದ ನಡುವಿನ ಅಂಕಿ ಹಾಕಿದರೆ ಎರಡೂ ಕಡೆಯವರ ಜಗಳಕ್ಕೆ ಸಿಕ್ಕಿಕೊಳ್ಳುತ್ತೀರಿ. ಸೆಟ್ಟಿಂಗಿನಲ್ಲಿ ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್ ಇರಲಿ.

ವೇಗ ಅಳೆಯುವುದು

ಸ್ಪೀಡ್ ಟೆಸ್ಟ್ ಮಾಡುವಾಗ ಮೊದಲು ರೌಟರಿನ ಪಕ್ಕದಲ್ಲೇ ಕೂತು ಮಾಡಿ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ಮಾಡಿದರೆ ಇನ್ನೂ ಸರಿ. ಅಲ್ಲಿ ಪ್ಲಾನಿನಷ್ಟು ಬಂದು ಮಲಗುವ ಕೋಣೆಯಲ್ಲಿ ಬರದಿದ್ದರೆ ತಪ್ಪು ಮನೆಯೊಳಗಿನದು. ಅಲ್ಲೇ ಬರದಿದ್ದರೆ ಕಂಪನಿಗೆ ಫೋನ್ ಮಾಡಿ. ಇಷ್ಟು ಗೊತ್ತಿಲ್ಲದೆ ಕಸ್ಟಮರ್ ಕೇರಿನವರ ಜೊತೆ ಮಾತಾಡುವುದು ದಂಡ.

100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾಗಿ ಡೌನ್‌ಲೋಡ್ ಆಗುವಾಗ 12 ಎಂಬಿ ಎಂದು ತೋರಿಸಿದರೆ ಮೋಸವೇನಿಲ್ಲ. 4ಕೆ ವಿಡಿಯೊ ಒಂದಕ್ಕೆ 25 ಎಂಬಿಪಿಎಸ್ ಇದ್ದರೆ ಧಾರಾಳ.

ಒಂದು ಡಬ್ಬ ಸಾಲದಿದ್ದರೆ

ಜಾಗ ಸರಿಸಿದ ಮೇಲೂ ನಮ್ಮ ಮೆತ್ತಿಗೆ ನೆಟ್ ತಲುಪಲಿಲ್ಲ. ಇಂಥ ಕಡೆ ಅಂಗಡಿಯವರು ಮೊದಲು ತೋರಿಸುವುದು ಪ್ಲಗ್ಗಿಗೆ ಚುಚ್ಚುವ ರಿಪೀಟರ್. ಅಗ್ಗ, ಹೌದು. ಆದರೆ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಹತ್ತಿರಹತ್ತಿರ ಅರ್ಧವಾಗುತ್ತದೆ. ಇನ್ನು ಜನ ಅದನ್ನು ನೆಟ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ. ನೀರಿಲ್ಲದ ಬಾವಿಗೆ ಪಂಪ್ ಇಳಿಸಿದ ಹಾಗೆ. ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿಯಲ್ಲಿ ಇಡಬೇಕು. ಹಲವು ಡಬ್ಬ ಸೇರಿ ಒಂದೇ ವೈಫೈ ಹರಡುವ ಮೆಶ್ ವ್ಯವಸ್ಥೆಗೂ ಇದೇ ಮಾತು.

ನನ್ನ ಓಟು ಲ್ಯಾನ್ ಕೇಬಲ್ಲಿಗೆ. ಕ್ಯಾಟ್ 6 ಕೇಬಲ್ ಒಂದು ಎಳೆದು, ಇನ್ನೊಂದು ತುದಿಗೆ ಮನೆಯಲ್ಲಿ ಮೂಲೆ ಸೇರಿದ ಹಳೆಯ ರೌಟರ್ ಜೋಡಿಸಿದರೆ ಆಯಿತು. 100 ಮೀಟರಿನವರೆಗೆ ತೊಂದರೆಯಿಲ್ಲ. ಹಳೆಯ ರೌಟರನ್ನು ಮೊದಲು ಹೀಗೆ ಸಿದ್ಧ ಮಾಡಿ. ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ರೀಸೆಟ್. ಅದರ ಸೆಟ್ಟಿಂಗಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಎಂದು ಇದ್ದರೆ ಅದನ್ನು ಒತ್ತಿದರೆ ಬಹುಪಾಲು ಕೆಲಸ ಮುಗಿಯಿತು. ಇಲ್ಲದಿದ್ದರೆ ಕೈಯಲ್ಲೇ ಮಾಡಬೇಕು. ಎರಡು ರೌಟರಿಗೂ 192.168.1.1 ಎಂಬ ಒಂದೇ ವಿಳಾಸವಿದ್ದರೆ ಎರಡೂ ಕಕ್ಕಾಬಿಕ್ಕಿ. ಹಳೆಯದಕ್ಕೆ ಬೇರೆ ಕೊನೆಯಂಕಿ ಕೊಡಿ. ಅದು ಮುಖ್ಯ ರೌಟರ್ ಫೋನುಗಳಿಗೆ ಹಂಚುವ ಅಂಕಿಗಳ ಸಾಲಿನಿಂದ ಹೊರಗಿರಲಿ. ಆಮೇಲೆ ಹಳೆಯದರ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸ ಹಂಚುವ ಯಜಮಾನ ಮನೆಗೆ ಒಬ್ಬನೇ ಸಾಕು. ವೈಫೈ ಹೆಸರು, ಪಾಸ್‌ವರ್ಡ್ ಮೊದಲಿನದರಂತೆಯೇ ಇಡಿ, ಚಾನೆಲ್ ಮಾತ್ರ ಬೇರೆ. ಕೊನೆಗೆ ಕೇಬಲ್ಲನ್ನು ಅದರ ಲ್ಯಾನ್ ತೂತಿಗೆ ಚುಚ್ಚಿ. ಬೇರೆ ಬಣ್ಣದ ವ್ಯಾನ್ ತೂತಿಗಲ್ಲ. ನಾನು ಮೊದಲ ಸಲ ಚುಚ್ಚಿದ್ದು ಅಲ್ಲಿಗೇ. ಅರ್ಧ ದಿನ ಹೋಯಿತು.

ಕರೆಂಟು, ಸಿಡಿಲು

ರೌಟರಿಗೆ ಬೇಕಾಗುವುದು ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆಂದೇ ಕೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ನಿಮ್ಮ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆ್ಯಂಪಿಯರ್ ಓದಿಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು, ಆ್ಯಂಪಿಯರ್ ಅಷ್ಟು ಅಥವಾ ಜಾಸ್ತಿ. ಕರೆಂಟ್ ಹೋದಾಗ ಡಬ್ಬ ಉರಿಯುತ್ತಿದ್ದರೂ ನೆಟ್ ಇಲ್ಲದಿದ್ದರೆ ಯುಪಿಎಸ್ಸನ್ನು ಬೈಯಬೇಡಿ. ಆ ಕಡೆ ಕಂಪನಿಯ ಉಪಕರಣದ ಬ್ಯಾಟರಿಯೂ ಮುಗಿದಿರಬಹುದು.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ಮದ್ದಲ್ಲ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯದು, ಸರಿ. ಆದರೆ ಕಂಬದಿಂದ ಬರುವ ಕೇಬಲ್ಲಿನಲ್ಲಿ ಗಟ್ಟಿಗೆಂದು ಉಕ್ಕಿನ ತಂತಿ ಇರುವುದುಂಟು, ಪ್ಲಗ್ಗಿನ ದಾರಿಯಂತೂ ಇದ್ದೇ ಇದೆ. ಮೋಡ ಕಪ್ಪಾದರೆ ಅಡಾಪ್ಟರ್ ಕಿತ್ತಿಡಿ. ಮನೆಯಿಂದ ಕೊಟ್ಟಿಗೆಗೋ ತೋಟದ ಮನೆಗೋ ಬಯಲಿನಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಅಲ್ಲಿಗೆ ಫೈಬರೇ ಆಗಬೇಕು, ಅದೂ ಲೋಹದ ತಂತಿ ಇಲ್ಲದ್ದು.

ನೆಟ್ ಹೋದಾಗ

ಮೊದಲು ದೀಪ ನೋಡಿ. ಎಲ್‌ಒಎಸ್ ಎಂಬ ದೀಪ ಕೆಂಪಾಗಿದ್ದರೆ ಬೆಳಕು ಡಬ್ಬದವರೆಗೆ ಬರುತ್ತಿಲ್ಲ. ಎಲ್ಲೋ ಮರ ಬಿದ್ದಿದೆ, ಇಲ್ಲವೇ ಮಂಗ ಜೋತಾಡಿದೆ. ನೀವು ಆಫ್ ಮಾಡಿ ಆನ್ ಮಾಡಿ ಪ್ರಯೋಜನವಿಲ್ಲ, ಕಂಪನಿಗೆ ಹೇಳಿ. ಪಾನ್ (ಪಿಒಎನ್) ಎಂಬ ದೀಪ, ಅಂದರೆ ಕಂಪನಿಯ ಜೊತೆ ಸಂಪರ್ಕ ಇದೆ ಎಂದು ಹೇಳುವುದು, ಹಸಿರಾಗಿ ನಿಂತಿದ್ದು ನೆಟ್ ಇಲ್ಲದಿದ್ದರೆ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಬಿಲ್ ಕಟ್ಟಿದ್ದೀರಾ ಎಂದೂ ನೋಡಿ.

ಎಲ್ಲ ದೀಪ ಸರಿಯಿದ್ದು ವೈಫೈ ದೀಪ ಮಾತ್ರ ಆರಿದ್ದರೆ ಡಬ್ಬದ ಪಕ್ಕದಲ್ಲಿ ಕೈಯಾಡಿಸಿ. ಅಲ್ಲೊಂದು ಸಣ್ಣ ಗುಂಡಿ ಇರುತ್ತದೆ, ವೈಫೈ ಆನ್-ಆಫ್‌ನದು. ಹೋದ ದೀಪಾವಳಿಯಲ್ಲಿ ಎರಡು ದಿನ ನಮ್ಮ ಮನೆಯಲ್ಲಿ ನೆಟ್ ಇರಲಿಲ್ಲ. ಫೋನಿನಲ್ಲೇ ಅಪ್ಪನಿಗೆ ಒಂದೊಂದೇ ದೀಪ ಓದಿಸಿದೆ. ಹಬ್ಬಕ್ಕೆಂದು ಧೂಳು ಒರೆಸುವಾಗ ಅಮ್ಮ ಆ ಗುಂಡಿಯನ್ನೂ ಚೆನ್ನಾಗಿ ಒತ್ತಿ ಒರೆಸಿದ್ದರು.